ನಿಮಿಷಕ್ಕೆ ಹನ್ನೆರಡು

ಅಕ್ಕನ ಎಡಗಾಲು ಊದಿಕೊಂಡು ಒಂಬತ್ತು ವರ್ಷ. ಕಾಲಲ್ಲಿ ಸೇರುವ ನೀರನ್ನು ಮೇಲಕ್ಕೆ ತಳ್ಳಬೇಕಾದ ದುಗ್ಧನಾಳಗಳು ಕೈಚೆಲ್ಲಿ ಕೂತಿದ್ದವು. "ಸೋಮಾರಿತನದಲ್ಲಿ ನನ್ ಕಾಲು ನನ್ನನ್ನೂ ಮೀರಿಸ್ತು" ಎಂದು ಅವಳು ನಗುತ್ತಿದ್ದಳು. ಆ ನಗುವಿನ ಹಿಂದಿನ ಸಂಕಟ ತಂಗಿಗೆ ಗೊತ್ತಿತ್ತು.

ತಂಗಿ ಅಕ್ಕ ಸೇರಿದ್ದ ಆಸ್ಪತ್ರೆಯ ಲ್ಯಾಬಿನಲ್ಲೇ ಇಂಥ ನಾಳಗಳನ್ನೇ ಪರೀಕ್ಷಿಸುವವಳು. ಬೆಳಿಗ್ಗೆ ಅಕ್ಕನ ಕಾಲಿನಿಂದ ಕತ್ತರಿಸಿದ ನಾಳದ ತುಣುಕು ಅವಳ ಮೇಜಿಗೇ ಬಂತು. ಬೇರೆಯವರಿಗೆ ಒಪ್ಪಿಸಬಹುದಿತ್ತು, ಮನಸ್ಸು ಬರಲಿಲ್ಲ. ಅದು ತಾನಾಗಿ ಮಿಡಿದರೆ ಉಳಿದ ನಾಳಗಳ ಮೇಲೂ ಆಸೆಯಿಟ್ಟು ಇನ್ನೊಂದು ಆಪರೇಷನ್ ಮಾಡುತ್ತಾರೆ. ಮಿಡಿಯದಿದ್ದರೆ ಜೀವಮಾನವಿಡೀ ಕಾಲಿಗೆ ಬಿಗಿ ಪಟ್ಟಿಯೇ ಗತಿ.

ಬೆಚ್ಚಗಿನ ದ್ರಾವಣದಲ್ಲಿ ತುಣುಕನ್ನು ಗಾಜಿನ ನಳಿಕೆಗಳಿಗೆ ಕಟ್ಟಿ, ದ್ರಾವಣ ಹಾಯಿಸುವ ಪಂಪು ಹಾಕಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ನಾಳ ಕುಗ್ಗಿತು, ಹಿಗ್ಗಿತು. ನಿಮಿಷಕ್ಕೆ ಹನ್ನೆರಡು ಸಲ. ದ್ರಾವಣದ ಆಮ್ಲಜನಕ ಇಳಿಸಿದಳು. ಎಂಥ ಗಟ್ಟಿ ನಾಳವೂ ಈಗ ಸುಸ್ತಾಗಬೇಕು, ಗೋಡೆಯ ಸ್ನಾಯುವಿಗೂ ಉಸಿರು ಬೇಕಲ್ಲ. ಇದು ಜಗ್ಗಲಿಲ್ಲ. ಇನ್ನೂ ಇಳಿಸಿದಳು. ಹನ್ನೆರಡೇ. ಒಂಬತ್ತು ವರ್ಷ ಉಸಿರುಗಟ್ಟಿದ ಕಾಲಲ್ಲಿದ್ದು ಪಳಗಿಬಿಟ್ಟಿದೆ ಎಂದು ಹಿಗ್ಗಿ, ಡಾಕ್ಟರಿಗೂ ಹೇಳದೆ ವಾರ್ಡಿಗೆ ಫೋನು ಮಾಡಿದಳು. ಕಲಿತವರ ಬುದ್ಧಿಯೂ ಮನೆಯವರ ವಿಷಯ ಬಂದರೆ ಹೀಗೆ ಕೈಕೊಡುತ್ತದೆ.

"ಅಕ್ಕಾ, ಮಿಡೀತಾ ಇದೆ. ನಿನ್ ಕಾಲು ಇನ್ನೂ ಸೋತಿಲ್ಲ."

ಆ ಕಡೆ ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು.

ಫೋನಿಟ್ಟು ಮತ್ತೆ ನೋಡಿದಾಗಲೂ ಹನ್ನೆರಡೇ. ಏರಿಲ್ಲ, ಇಳಿದಿಲ್ಲ. ಜೀವ ಇರುವ ಯಾವುದೂ ಇಷ್ಟು ಶಿಸ್ತಾಗಿ ಇರುವುದಿಲ್ಲ. ಪಂಪು ನಿಮಿಷಕ್ಕೆ ಎಷ್ಟು ಸಲ ಒತ್ತುತ್ತದೆಂಬ ಅಂಕಿ ನೋಡಿದಳು, ಅಲ್ಲೂ ಹನ್ನೆರಡು. ಮೊದಲು ಪಂಪು ನಿಲ್ಲಿಸಿ ನೋಡಬೇಕು ಎಂಬುದು ಹೊಸಬರಿಗೆ ಅವಳೇ ಹೇಳಿಕೊಡುವ ಪಾಠ. ನಿಲ್ಲಿಸಿದಳು. ನಾಳವೂ ನಿಂತಿತು. ಅಲ್ಲಾಡಿಸುತ್ತಿದ್ದದ್ದು ಪಂಪು. ಆಮ್ಲಜನಕವನ್ನು ಮತ್ತೆ ಪೂರ್ತಿ ಏರಿಸಿ ಸಂಜೆಯವರೆಗೂ ಕಾದಳು. ಅದು ಮಿಸುಕಲಿಲ್ಲ.

ವಾರ್ಡಿನಲ್ಲಿ ಅಕ್ಕ ಅಕ್ಕಪಕ್ಕದ ಹಾಸಿಗೆಯವರಿಗೆಲ್ಲ ಸುದ್ದಿ ಮುಟ್ಟಿಸಿದ್ದಳು. ಎಷ್ಟೋ ವರ್ಷಗಳ ಮೇಲೆ ತಲೆ ನೀಟಾಗಿ ಬಾಚಿಕೊಂಡು ಕೂತಿದ್ದಳು. ತಂಗಿ ಅವಳ ಕೈ ಹಿಡಿದು ಎಲ್ಲವನ್ನೂ ಹೇಳಿದಳು, ತಪ್ಪು ತನ್ನದೆಂದೂ ಹೇಳಿದಳು.

ಅಕ್ಕ ಬೈಯಲಿಲ್ಲ. ಹೊದಿಕೆಯ ಕೆಳಗಿನ ಕಾಲನ್ನೇ ನೋಡಿದಳು.

"ಇವತ್ತೊಂದ್ ರಾತ್ರಿ ಬಿಟ್ಟು ನಾಳೆ ಹೇಳ್ಬಾರ್ದಿತ್ತೇನೇ?" ಎಂದಳು.