ಕಂಪನಿ ಡಬ್ಬದ ಆಯಿಲ್

ಪದ್ಮಿನಿ ಬೂಟು ಕೂಡ ಹಾಕದೆ, ಬರೀ ಕಾಲುಚೀಲದಲ್ಲೇ ಹಿಮ ತುಳಿದುಕೊಂಡು ಶೆಡ್ಡಿಗೆ ಓಡಿಬಂದಳು. ಕೈಯಲ್ಲಿ ಫೋನು ಹಾಗೇ ಇತ್ತು.

"ಅಣ್ಣಾ, ಇವರು ಬಿದ್ದುಬಿಟ್ಟಿದಾರೆ. ಕಾಲು ಊರಕ್ಕೇ ಆಗ್ತಿಲ್ವಂತೆ."

ಹಿಮದ ಮೇಲೆ ಓಡುವ ಸ್ನೋಮೊಬೈಲಿನ ಮುಚ್ಚಳ ಎತ್ತಿ ಬೆಲ್ಟು ನೋಡುತ್ತಿದ್ದ ಶಂಕರ ತಲೆಯೆತ್ತಿದ. "ಎಲ್ಲಿ?"

"ಬೆಟ್ಟದ ಆ ಕಡೆ. ಮೂರು ಗೋಡೆಯ ಗಾಳಿಮರೆ ಇದೆಯಲ್ಲ, ಅಲ್ಲಿವರೆಗೆ ತೆವಳಿಕೊಂಡು ಹೋಗಿ ಕೂತಿದಾರಂತೆ. ಫೋನಲ್ಲಿ ನಾಲ್ಕೇ ಪರ್ಸೆಂಟ್ ಇದೆ ಅಂದ್ರು, ಕಟ್ ಆಯ್ತು."

"ಎಮರ್ಜೆನ್ಸಿಗೆ, ಒನ್ ಒನ್ ಟೂಗೆ ಫೋನ್ ಮಾಡಿದ್ಯಾ?"

"ಮಾಡ್ದೆ. ರೆಸ್ಕ್ಯೂ ಟೀಮು ಬೇರೆ ಕಡೆ ಹೋಗಿದೆ, ಇಲ್ಲಿಗೆ ಬರಕ್ಕೆ ಎರಡು ಗಂಟೆ ಮೇಲಾಗತ್ತಂತೆ. ಗಾಡಿ, ಲೈಸೆನ್ಸು ಇರೋರು ಇದ್ರೆ ಕಂಬ ನೆಟ್ಟಿರೋ ದಾರಿ ಬಿಡದೆ ಹೋಗಿ ಕರ್ಕೊಂಡು ಬನ್ನಿ, ಹೊರಡೋ ಮೊದಲು ತಿಳಿಸಿ ಅಂದ್ರು. ಮಧ್ಯಾಹ್ನದ ಮೇಲೆ ಗಾಳಿ ಬೇರೆ ಏಳತ್ತಂತೆ."

ಶೆಡ್ಡಿನ ಗೋಡೆಯ ಥರ್ಮಾಮೀಟರು ಮೈನಸ್ ಇಪ್ಪತ್ತೇಳು ತೋರಿಸುತ್ತಿತ್ತು. ಗಂಟೆ ಹನ್ನೆರಡೂಕಾಲು. ಗಾಳಿಮರೆಗೆ ಹದಿನಾಲ್ಕು ಕಿಲೋಮೀಟರು. ಅಲ್ಲಿ ಒಲೆಯಿಲ್ಲ, ಬಾಗಿಲಿಲ್ಲ. ಬೆವರಿದ ಮೈಯಲ್ಲಿ ಅಲುಗದೆ ಕೂತ ಮನುಷ್ಯ ಎರಡು ಗಂಟೆ ತಡೆಯುತ್ತಾನೆಯೇ ಎಂಬ ಲೆಕ್ಕ ಶಂಕರನ ತಲೆಯಲ್ಲಿ ಓಡಿತು. ಉತ್ತರ ಅವನಿಗೆ ಹಿಡಿಸಲಿಲ್ಲ.

ತಂಗಿಯ ಗಂಡ ಶ್ರೀನಾಥ ಒಬ್ಬನೇ ಸ್ಕೀ ಕಟ್ಟಿಕೊಂಡು ಹೋಗಿದ್ದು ಯಾಕೆಂದು ಅವನಿಗೆ ಗೊತ್ತಿತ್ತು. ಯಾರೂ ಹೇಳಬೇಕಾಗಿರಲಿಲ್ಲ.

ಸುಂಡ್‌ಬೀಬರ್ಯ್‌ನಲ್ಲಿ ಸಾಫ್ಟ್‌ವೇರ್ ಕೆಲಸದ ಶ್ರೀನಾಥ, ಎಸ್ಕಿಲ್‌ಸ್ಟುನಾದಲ್ಲಿ ಮಣ್ಣು ಅಗೆಯುವ ಯಂತ್ರಗಳ ಇಂಜಿನ್ ಪರೀಕ್ಷೆ ಮಾಡುವ ತಾನು, ಇಬ್ಬರೂ ಸೇರಿ ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುವ ಈ ಹಳೆಯ ಟೂ-ಸ್ಟ್ರೋಕ್ ಗಾಡಿ ಕೊಂಡಿದ್ದರು. ಮಕ್ಕಳ ಚಳಿಗಾಲದ ರಜೆಗೆ ಹೆರ್ಯೆದಾಲೆನ್‌ನ ಬೆಟ್ಟಸೀಮೆಯಲ್ಲಿ ಈ ಮರದ ಮನೆ ಬಾಡಿಗೆಗೆ ಹಿಡಿದಿದ್ದರು. ನಿನ್ನೆ ಸಂಜೆ ಗಾಡಿಯ ಆಯಿಲ್ ದೀಪ ಕೆಂಪಗೆ ಹತ್ತಿದಾಗ ಶ್ರೀನಾಥ ಕಾರಿನಿಂದ ಒಂದು ಹಳದಿ ಡಬ್ಬ ತಂದ. ಯಾವುದೋ ಬೇರೆ ಕಂಪನಿಯ ಆಯಿಲ್, ರಿಯಾಯಿತಿಯಲ್ಲಿ ಸಿಕ್ಕಿದ್ದು. ಶಂಕರ ರೇಗುವುದಕ್ಕೆ ಅಷ್ಟೇ ಸಾಕಾಯಿತು.

"ಗಾಡಿ ಮಾಡಿದೋನು ಒಂದು ಆಯಿಲ್ ಹಾಕು ಅಂತ ಬರೆದಿದಾನೆ, ನೀವು ಸೇಲಲ್ಲಿ ಸಿಕ್ತು ಅಂತ ಇನ್ನೊಂದು ತರ್ತೀರಾ? ಇದೇನು ಸೋಪಿನ ಪುಡೀನಾ? ತಿಪಟೂರು ಗ್ಯಾರೇಜಲ್ಲಿ ನಿಮ್ಮಂಥೋರು ಸುಟ್ಟ ಇಂಜಿನ್ನು ನಾನೆಷ್ಟು ಬಿಚ್ಚಿದೀನಿ ಗೊತ್ತಾ?"

"ಭಾವ, ಡಬ್ಬದ ಮೇಲೆ ಒಂದ್ಸಲ ಓದಿ ನೋಡಿ."

"ಓದೋದೇನು? ಶೆಲ್ಫಲ್ಲಿ ಕಂಪನಿ ಡಬ್ಬಾನೇ ಇದೆ, ನಾಳೆ ನಾನೇ ಹಾಕ್ತೀನಿ. ನೀವು ಕಂಪ್ಯೂಟರ್ ನೋಡ್ಕೊಳ್ಳಿ, ಸಾಕು."

ಹೆಂಡತಿ ಮಕ್ಕಳ ಎದುರಿಗೆ ಆಡಿದ ಮಾತು. ಬೆಳಿಗ್ಗೆ ಶ್ರೀನಾಥ ಯಾರೊಂದಿಗೂ ಮಾತಾಡದೆ, ಗಾಡಿಯನ್ನು ಕಣ್ಣೆತ್ತಿಯೂ ನೋಡದೆ ಹೊರಟುಹೋಗಿದ್ದ.

"ಹೋಗು, ಕಂಬಳಿ, ಫ್ಲಾಸ್ಕಲ್ಲಿ ಕಾಫಿ, ಒಣಗಿದ ಬಟ್ಟೆ ತಗೊಂಡ್ ಬಾ. ಮೊದಲು ಕಾಲಿಗೆ ಬೂಟು ಹಾಕ್ಕೊ!" ಎಂದು ತಂಗಿಯನ್ನು ಗದರಿಸಿ, ಶಂಕರ ಶೆಲ್ಫಿನಿಂದ ಗಾಡಿ ಕಂಪನಿಯದೇ ಬಿಳಿ ಡಬ್ಬ ಇಳಿಸಿದ. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿತ್ತು. ಆಯಿಲ್ ಟ್ಯಾಂಕಿನ ಮುಚ್ಚಳ ತಿರುಗಿಸಿ ಬಗ್ಗಿಸಿದ.

ಮೊದಲು ಏನೂ ಬರಲಿಲ್ಲ. ಆಮೇಲೆ ಡಬ್ಬದ ಮೂತಿಯಿಂದ ದಪ್ಪನೆಯ ನಾಲಿಗೆಯೊಂದು ಇಳಿಯಿತು, ಚಳಿಗೆ ಗಟ್ಟಿಯಾದ ಜೋನಿಬೆಲ್ಲದ ಹಾಗೆ. ನಿಧಾನಕ್ಕೆ ಟ್ಯಾಂಕಿನೊಳಗೆ ಮುದ್ದೆಯಾಗಿ ಬಿತ್ತು.

ಶಂಕರನ ಕೈ ನಿಂತಿತು. ಹಿಮದ ಗಾಡಿಗೆಂದೇ ಮಾಡಿದ ಆಯಿಲ್ ಈ ಚಳಿಗೆ ಹೀಗಾಗುವುದಿಲ್ಲ. ಬೆರಳಿಗೆ ಹಚ್ಚಿ ಮೂಸಿ ನೋಡಿದ. ಟೂ-ಸ್ಟ್ರೋಕ್ ಆಯಿಲಿನ ವಾಸನೆಯೇ ಅಲ್ಲ.

"ಪದ್ಮೀ!"

ಕಂಬಳಿ ಹೊತ್ತು ಬಂದವಳು ಅವನ ಕೈಯಲ್ಲಿದ್ದ ಡಬ್ಬ ನೋಡಿ ಅಲ್ಲೇ ನಿಂತಳು.

"ಇದ್ರಲ್ಲಿ ಏನಿದೆ?"

"ಅಯ್ಯೋ... ಅದು ತೋಟದ ಹುಲ್ಲು ಕತ್ತರಿಸೋ ಮೆಷಿನ್‌ದು ಅಣ್ಣ. ಬೇಸಿಗೇಲಿ ಅದರ ಡಬ್ಬ ಸೀಳಿತ್ತು. ಇದಕ್ಕೆ ಮೂತಿ ಚೆನ್ನಾಗಿದೆ ಅಂತ ಇದಕ್ಕೆ ಸುರಿದಿಟ್ಟೆ. ಸಾಮಾನು ತುಂಬುವಾಗ ಇವರು ಇದನ್ನೂ ಕಾರಿಗೆ ಹಾಕಿರಬೇಕು."

"ತಲೆ ನೆಟ್ಟಗಿದೆಯಾ ನಿಂಗೆ? ಒಂದರ ಡಬ್ಬಕ್ಕೆ ಇನ್ನೊಂದು ಸುರೀತಾರಾ?"

"ಖಾಲಿ ಡಬ್ಬ ಕೊಟ್ಟಿದ್ದು ಯಾರು?" ಅವಳ ದನಿಯೂ ಏರಿತು. "ಒಳ್ಳೆ ಡಬ್ಬ, ಬಿಸಾಡಬೇಡ, ಇಟ್ಕೊ ಅಂತ ನೀನೇ ತಂದ್ಕೊಟ್ಟೆ!"

ಹೌದು, ತಾನೇ ಕೊಟ್ಟಿದ್ದ. ತಂಗಿಯ ಮನೆಯಲ್ಲಿ ಐಸ್‌ಕ್ರೀಮ್ ಡಬ್ಬದಲ್ಲಿ ಹುಳಿಪುಡಿ, ಬಿಸ್ಕತ್ತಿನ ಡಬ್ಬದಲ್ಲಿ ಸೂಜಿದಾರ. ಅವನ ಮನೆಯಲ್ಲೂ ಬೆಣ್ಣೆ ಡಬ್ಬದ ತುಂಬ ನಟ್ಟು ಬೋಲ್ಟು. ಡಬ್ಬದ ಮೇಲೆ ಬರೆದಿದ್ದನ್ನು ನಂಬುವವರು ಅವರ ಮನೆತನದಲ್ಲೇ ಯಾರೂ ಇರಲಿಲ್ಲ. ನಿನ್ನೆ ಮಾತ್ರ ಅವನು ನಂಬಿದ್ದ.

ಶಂಕರ ಗಡಿಯಾರ ನೋಡಿದ. ಹನ್ನೆರಡೂವರೆಯಾಗಿತ್ತು.

ಹಳದಿ ಡಬ್ಬ ಮೂಲೆಯಲ್ಲಿ ಬಿದ್ದಿತ್ತು. ನಿನ್ನೆ ಅವನೇ ಕಾಲಿನಿಂದ ತಳ್ಳಿದ್ದ. ಅದೂ ರಾತ್ರಿಯೆಲ್ಲ ಇದೇ ಶೆಡ್ಡಿನಲ್ಲಿ, ಇದೇ ಚಳಿಯಲ್ಲಿತ್ತು. ಎತ್ತಿ ಅಲುಗಾಡಿಸಿದ. ಒಳಗೆ ನೀರಿನಂತೆ ಕುಲುಕಿತು. ಬೆಳಕಿಗೆ ಹಿಡಿದು, ಮೂಗಿನ ತುದಿಗೆ ಕನ್ನಡಕ ಇಳಿಸಿ ಓದಿದ: ಸ್ನೋಮೊಬೈಲಿಗೆ, ಟೂ-ಸ್ಟ್ರೋಕ್, ಮೈನಸ್ ನಲವತ್ತೈದರವರೆಗೆ ಹರಿಯುತ್ತದೆ. ಕೆಳಗೆ ಗುಣಮಟ್ಟದ ಗುರುತಿನ ನಾಲ್ಕಾರು ಅಕ್ಷರ. ಸೀಟಿನಡಿಯಿಂದ ಗಾಡಿಯ ಪುಸ್ತಕ ತೆಗೆದು ಹಾಳೆ ತಿರುವಿದ. ಅಲ್ಲಿದ್ದದ್ದೂ ಅವೇ ಅಕ್ಷರಗಳು.

"ಅಣ್ಣ, ಅದೇ ಹಾಕಿ ಹೊರಡೋಕೆ ಆಗಲ್ವಾ?"

"ಟ್ಯಾಂಕೊಳಗೆ ಆಗ್ಲೇ ಈ ಮುದ್ದೆ ಬಿದ್ದಿದೆ. ತಳದಲ್ಲಿ ಪೈಪಿಗೆ ಅಡ್ಡ ಕೂತ್ರೆ ಪಂಪಿಗೆ ಆಯಿಲ್ ಹೋಗಲ್ಲ. ಬೆಟ್ಟದ ಮಧ್ಯೆ ಪಿಸ್ಟನ್ ಕಚ್ಕೊಳತ್ತೆ. ಆಗ ಇಬ್ಬರನ್ನ ಹುಡುಕ್ಬೇಕು."

"ಬಿಚ್ಚಿ ತೊಳೆದ್ರೆ?"

"ಈ ಚಳೀಲಿ ಒಂದು ಗಂಟೆ ಕೆಲಸ."

ಪದ್ಮಿನಿ ಕಂಬಳಿಯನ್ನು ಎದೆಗೆ ಅವಚಿಕೊಂಡು ಬೆಟ್ಟದ ಕಡೆ ನೋಡಿದಳು. ತುದಿಯಲ್ಲಿ ಹಿಮ ಹೊಗೆಯಂತೆ ಏಳತೊಡಗಿತ್ತು.

ತಿಪಟೂರಿನಲ್ಲಿ ಶಂಕರ ಮೊದಲು ಕಲಿತದ್ದು ಮೊಪೆಡ್ಡುಗಳ ಕೆಲಸ. ಅವಕ್ಕೆ ಆಯಿಲ್ ಪಂಪೆಂಬುದೇ ಇರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ಅಳತೆಯ ಲೋಟದಿಂದ ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕುತ್ತಿದ್ದರು. ಇದೂ ಕಾರ್ಬುರೇಟರಿನ ಹಳೆಯ ಗಾಡಿ. ಆಯಿಲ್ ಪೆಟ್ರೋಲಿನಲ್ಲೇ ಹೋಗಲಿ, ಪಂಪು ಎಳೆದರೆ ಎಳೆಯಲಿ, ಬಿಟ್ಟರೆ ಬಿಡಲಿ.

"ಮನೇಲಿ ಅಳತೆ ಲೋಟ ಇದೆಯಾ? ಕೇಕಿಗೆ ಹಿಟ್ಟು ಅಳೆಯೋದು?"

ಅವಳು ಓಡಿಹೋಗಿ ತಂದಳು. ಹತ್ತು ಲೀಟರ್ ಪೆಟ್ರೋಲಿನ ಕ್ಯಾನಿಗೆ ಶಂಕರ ಹಳದಿ ಡಬ್ಬದಿಂದ ಕಾಲು ಲೀಟರು ಅಳೆದು ಸುರಿದ. ಅವಸರಕ್ಕೆ ಸ್ವಲ್ಪ ಹೊರಗೆ ಚೆಲ್ಲಿತು. ಇನ್ನಷ್ಟು ಸೇರಿಸಿದ. ಕ್ಯಾನನ್ನು ಎದೆಗೆ ಒತ್ತಿ, ತೋಳು ಸೋಲುವವರೆಗೆ ಕುಲುಕಿದ. ಪೆಟ್ರೋಲ್ ಟ್ಯಾಂಕಿನ ತಳದಲ್ಲಿ ಲೀಟರೋ ಎರಡೋ ಇತ್ತು, ಅದರ ಮೇಲೆ ಹುಯ್ದ.

"ಫೋನ್ ಮಾಡಿ ನಾನು ಹೊರಟೆ ಅಂತ ಹೇಳು. ಒಂದೂವರೆ ಗಂಟೇಲಿ ಬರ್ಲಿಲ್ಲ ಅಂದ್ರೆ ಇಬ್ಬರು ಅಂತ ಹೇಳು."

ಸ್ಟಾರ್ಟರ್ ಹಗ್ಗದ ಮೂರನೇ ಎಳೆತಕ್ಕೆ ಇಂಜಿನ್ ಹತ್ತಿತು. ನೀಲಿ ಹೊಗೆ ಶೆಡ್ಡು ತುಂಬಿತು.

ಹೆಪ್ಪುಗಟ್ಟಿದ ಕೆರೆ ದಾಟುವವರೆಗೂ ಅವನು ದಾರಿ ನೋಡಿದ್ದಕ್ಕಿಂತ ಇಂಜಿನ್ ಕೇಳಿದ್ದೇ ಹೆಚ್ಚು. ಕಚ್ಚಿಕೊಳ್ಳುವ ಮೊದಲು ಟೂ-ಸ್ಟ್ರೋಕ್ ಒಂದು ಸಣ್ಣ ದನಿ ಎತ್ತುತ್ತದೆ, ಹಲ್ಲು ಕಡಿದ ಹಾಗೆ. ಅದು ಕೇಳಿದ ಕೂಡಲೇ ಆಕ್ಸಿಲರೇಟರಿನಿಂದ ಹೆಬ್ಬೆರಳು ತೆಗೆಯಬೇಕು, ಅರೆಗಳಿಗೆ ತಡವಾದರೂ ಮುಗಿಯಿತು. ಏರು ಶುರುವಾದಾಗ ಗಾಳಿ ಎದುರಾಯಿತು. ಒಂದು ಕಂಬದಿಂದ ಇನ್ನೊಂದು ಕಂಬ ಕಾಣಿಸುತ್ತಿತ್ತು, ಮತ್ತೆ ಮುಚ್ಚಿಹೋಗುತ್ತಿತ್ತು. ಎಂಟನೇ ಕಿಲೋಮೀಟರಿನಲ್ಲಿ ಇಂಜಿನ್ ಒಮ್ಮೆ ಕೆಮ್ಮಿತು. ಶಂಕರನ ಹೆಬ್ಬೆರಳು ತಾನಾಗಿ ಸಡಿಲವಾಯಿತು. ಬಾಯಲ್ಲಿ ಬೈಗುಳ ಬಂತು, ಯಾರಿಗೆಂದು ತಿಳಿಯಲಿಲ್ಲ. ಇಂಜಿನ್ ಮತ್ತೆ ಹಿಡಿಯಿತು. ಆಯಿಲ್ ಹೆಚ್ಚಾಗಿ ಪ್ಲಗ್ಗು ಒದ್ದೆಯಾಗಿರಬೇಕು. ಹೆಚ್ಚಾದರೆ ಆಗಲಿ.

ಗಾಳಿಮರೆಯ ಒಳಗೆ ಶ್ರೀನಾಥ ಸ್ಕೀಗಳ ಮೇಲೆ ಮುದುರಿ ಕೂತಿದ್ದ. ಮೀಸೆಯೆಲ್ಲ ಬೆಳ್ಳಗೆ. ಶಂಕರ ಇಂಜಿನ್ ಆರಿಸಲಿಲ್ಲ. ಓಡಿಹೋಗಿ ಅವನ ಜಾಕೆಟ್ಟು ಬಿಚ್ಚಿ ಒಣ ಅಂಗಿ ತೊಡಿಸಿ, ಕಂಬಳಿ ಸುತ್ತಿ, ಕಾಫಿಯ ಲೋಟ ಬಾಯಿಗೆ ಹಿಡಿದ. ಹಲ್ಲು ಲೋಟಕ್ಕೆ ತಾಗಿ ಕಟಕಟ ಎಂದಿತು.

"ಭಾವ... ಆಯಿಲ್ ಇರ್ಲಿಲ್ವಲ್ಲ ಗಾಡೀಲಿ. ಯಾವುದು..."

"ನೀವು ತಂದದ್ದೇ." ಶಂಕರ ಅವನ ಕೈಗವಸು ಸರಿಮಾಡುತ್ತ ಮುಖ ನೋಡದೆ ಹೇಳಿದ. "ಡಬ್ಬದ ಮೇಲೆ ಬರೆದಿದ್ದು ಓದಿದೆ. ನಿನ್ನೇನೇ ಓದ್ಬೇಕಿತ್ತು. ನಿಮಗೆ ಹಾಗೆ ಅನ್ನಬಾರ್ದಿತ್ತು, ಮಕ್ಕಳ ಎದುರಿಗೆ."

ಶ್ರೀನಾಥ ಏನೋ ಹೇಳಲು ಹೋದ, ತುಟಿ ಕೂಡಲಿಲ್ಲ.

"ಈಗೇನೂ ಮಾತಾಡಬೇಡಿ. ನನ್ನ ಸೊಂಟ ಹಿಡ್ಕೊಳ್ಳಿ. ನಿದ್ದೆ ಬಂದ್ರೆ ಬೆನ್ನಿಗೆ ಗುದ್ದಿ, ಜೋರಾಗೇ ಗುದ್ದಿ, ಸಿಟ್ಟಿರೋ ಅಷ್ಟೂ."

ಶಂಕರ ಅವನನ್ನು ಎತ್ತಿ ಸೀಟಿನ ಮೇಲೆ ಕೂರಿಸಿ, ತನ್ನ ಬೆಲ್ಟಿನಿಂದಲೇ ಇಬ್ಬರನ್ನೂ ಸೇರಿಸಿ ಬಿಗಿದ. ಗಾಡಿ ತಿರುಗಿತು. ಗಾಳಿ ಈಗ ಹಿಂದಿನಿಂದ ಬೀಸುತ್ತಿತ್ತು. ಇಳಿಜಾರಿನ ಮೂರನೇ ಕಂಬ ದಾಟುವಾಗ ಬೆನ್ನಿಗೆ ಒಂದು ಗುದ್ದು ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು, ಮೊದಲಿನದಕ್ಕಿಂತ ಗಟ್ಟಿಯಾಗಿ.

"ಹಾಂ, ಹಾಗೆ!" ಎಂದು ಶಂಕರ ಗಾಳಿಗೆ ಕೂಗಿ, ಹೆಬ್ಬೆರಳು ಒತ್ತಿದ.