ಹಣೆಗಿಡುವ ಕಾಸು

ವಿಮಲಮ್ಮನ ಕೈಯಲ್ಲಿದ್ದ ಕಾಸು ಇನ್ನೇನು ಹುಣಸೆಹಣ್ಣಿನ ಬಟ್ಟಲಿಗೆ ಬೀಳಬೇಕು, ಅಷ್ಟರಲ್ಲಿ ಸುಮಾ ಅವರ ಮಣಿಕಟ್ಟು ಹಿಡಿದಳು. ಹೊರಗೆ ಶಾಮಿಯಾನದಡಿ ಅತ್ತೆ ಮುನಿತಾಯಮ್ಮನ ಹೆಣವಿತ್ತು. ಉಲ್ಲಾಳಿನ ನೆಂಟರೆಲ್ಲ ನೆರೆದಿದ್ದರು. ಇಂಥ ಹೊತ್ತಲ್ಲಿ ಸೊಸೆಯಾದವಳು ಅತ್ತೆಯ ತಂಗಿಯ ಕೈ ಹಿಡಿಯುವುದೆಂದರೇನು ಸಾಮಾನ್ಯವೇ!

"ಬಿಡೇ. ಹಣೆಗಿಡೋ ಕಾಸು ದೇವರ ಚೊಂಬಿನ ಥರ ಫಳಫಳ ಅನ್ಬೇಕು."

"ಹುಣಸೆಹಣ್ಣು ಬೇಡ ಚಿಕ್ಕತ್ತೆ. ಆನೆ ಹೊರಟೋಗುತ್ತೆ."

ಆನೆ ಇದ್ದದ್ದು ಕಾಸಿನ ಮೇಲೆ. ಈಗ ಲೇಔಟ್ ಆಗಿರುವ ಅವರದೇ ರಾಗಿ ಹೊಲದಲ್ಲಿ, ಮಾವ ಉಳುವಾಗ ಸಿಕ್ಕ ಹಳೇ ತಾಮ್ರದ ಕಾಸು ಅದು. ತಾನು ಸತ್ತಾಗ ಅದನ್ನೇ ಹಣೆಗಿಡಬೇಕೆಂದು ಮುನಿತಾಯಮ್ಮ ಮಾತು ತಗೊಂಡಿದ್ದು ಸೊಸೆಯಿಂದ. ಮಗ ನಾಗರಾಜು ಬಿಡಿ, ಕಾಸು ಕೊಟ್ಟರೆ ಪ್ಯಾಂಟಿಗೆ ಉಜ್ಜುವ ಆಸಾಮಿ.

*

ಅಂದು ಸಿಕ್ಕಿದ್ದು ಜೋಡಿ ಕಾಸು. ಒಂದನ್ನು ಮುನಿತಾಯಮ್ಮನೇ ಖುಷಿಯಲ್ಲಿ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದ್ದರು. ಹೊಳಪೇನೋ ಬಂತು, ಆನೆ ಮಾಯವಾಯಿತು. ಗಂಡ ನಕ್ಕು ಸುಮ್ಮನಾದರೂ ಆ ಸಂಕಟ ಆಕೆಯನ್ನು ಕೊನೆತನಕ ಬಿಡಲಿಲ್ಲ.

ಉಳಿದ ಕಾಸಿಗೆ ಮಗುವಿನ ಆರೈಕೆ. ಇನ್ವರ್ಟರ್ ಬ್ಯಾಟರಿಗೆ ಹಾಕುವ ಶುದ್ಧ ನೀರಲ್ಲಿ ಅದ್ದಿ, ಹೊಲಿಗೆ ಮಿಷನ್ ಎಣ್ಣೆ ಹಚ್ಚಿ, ಹತ್ತಿಯಿಂದ ಮೆಲ್ಲಗೆ ಒತ್ತಿ ತೆಗೆಯಬೇಕು, ಉಜ್ಜಕೂಡದು. ಸುಮಾಳಿಗೂ ಹಾಗೇ ಕಲಿಸಿದ್ದರು. "ಅಂಚು ಹಿಡಿಯೇ, ಬೆರಳಿನ ಬೆವರು ತಾಮ್ರಕ್ಕಾಗಲ್ಲ" ಎಂದು ಗದರುತ್ತಲೇ ಇದ್ದರು.

ಹೋದ ವಾರ ನಡುಗುವ ಕೈಯಿಂದ ಅವರೇ ಕಾಸಿನ ನಡುವೆ ಹಿಡಿದುಬಿಟ್ಟರು. ಬೆರಳಚ್ಚು ಕಂಡು ಅತ್ತೇಬಿಟ್ಟರು. ಆ ಗುರುತನ್ನು ತಾನು ತೆಗೆದುಕೊಡುತ್ತೇನೆಂದು ಸುಮಾ ಮಾತು ಕೊಟ್ಟಳು. ಆಸ್ಪತ್ರೆಯ ಓಡಾಟದಲ್ಲಿ ಅದು ಹಾಗೇ ಉಳಿಯಿತು.

*

ನಾಗರಾಜು ಅಡಿಗೆಮನೆ ಬಾಗಿಲಿಗೆ ಬಂದು, ಹೊರುವವರು ಕಾಯುತ್ತಿದ್ದಾರೆ, ಯಾವುದೋ ಒಂದು ರೂಪಾಯಿ ಇಟ್ಟರಾಯಿತು ಎಂದು ಸಿಡುಕಿದ.

"ಕಾಯ್ಲಿ. ಇದು ಆಗ್ದೆ ಅತ್ತೆನ ಎತ್ತೋ ಹಾಗಿಲ್ಲ" ಎಂದಳು ಸುಮಾ, ತಲೆ ಎತ್ತದೆ.

ಎಣ್ಣೆ ಹಚ್ಚಿ ಬಿಟ್ಟಳು. ಹತ್ತಿ ಒತ್ತಿದಳು, ಬದಲಿಸಿದಳು, ಮತ್ತೆ ಒತ್ತಿದಳು. ಹೊರಗಿನ ಗೊಣಗಾಟ ಜೋರಾಯಿತು. ಹೊತ್ತು ಹೋದ ಹಾಗೆ ಬೆರಳಚ್ಚು ಮಸುಕಾಗಿ, ಕರಗಿ, ಕೊನೆಗೆ ಇಲ್ಲವಾಯಿತು. ಕಂದು ಬಣ್ಣ ಹಾಗೇ ಉಳಿದಿತ್ತು. ಮೂತಿ ತಿರುವಿಕೊಂಡೇ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದ ವಿಮಲಮ್ಮ, ಸೊಂಡಿಲೂ ಕಾಣ್ತದಲ್ಲೇ ಎಂದರು.

ಸುಮಾ ಕಾಸಿನ ಅಂಚು ಹಿಡಿದು ಹೊರಗೆ ಬಂದಳು. ಅತ್ತೆಯ ಹಣೆಯ ಮೇಲೆ ಕಲಸಿದ ವಿಭೂತಿಯಿತ್ತು. ಕಾಸು ಇಟ್ಟಳು, ಜಾರಿತು. ಮತ್ತೆ ಇಟ್ಟಳು, ಮತ್ತೆ ಜಾರಿತು.

"ಅಂಚು ಹಿಡಿದ್ರೆ ಅಂಟಲ್ಲ ಕಣೇ," ವಿಮಲಮ್ಮ ಮೆಲ್ಲಗೆ ಹೇಳಿದರು. "ಹೆಬ್ಬೆರಳಿಟ್ಟು ಒತ್ತು."

ಸುಮಾಳ ಕೈ ತಡೆಯಿತು. ಆಮೇಲೆ ಆನೆಯ ಮೇಲೆ ಹೆಬ್ಬೆರಳಿಟ್ಟು ಗಟ್ಟಿಯಾಗಿ ಒತ್ತಿದಳು. ಕಾಸು ನಿಂತಿತು. ಬೆರಳು ತೆಗೆದಾಗ ತಾಮ್ರದ ಮೇಲೆ ಅವಳದೇ ಹೆಬ್ಬೆರಳಿನ ಅಚ್ಚು ಮೂಡಿತ್ತು.

ಅಭ್ಯಾಸಬಲದಿಂದ ಕೈ ಸೊಂಟಕ್ಕೆ ಸಿಕ್ಕಿಸಿದ್ದ ಹತ್ತಿಗೆ ಹೋಯಿತು. ಹೊರುವವರು ಬಗ್ಗಿದರು. ಸುಮಾ ಹತ್ತಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹಿಂದೆ ಸರಿದಳು.