ಸೋಡಾ ಹಾಕಿದ ಗಡಿಗೆ

ಸರ್ಕಾರ ಹೆಂಡ ನಿಷೇಧಿಸಿದ ದಾರೂಬಂದಿಯ ಕಾಲ, ಅರವತ್ತರ ಬೇಸಿಗೆ. ಸೋಮವಾರ ಬೆಳಿಗ್ಗೆ ತಿಕೋಟಾದ ಕೇರಿಯೊಳಗೆ ಪೊಲೀಸ್ ಜಮಾದಾರ ರಾಯಪ್ಪ ಲಾಠಿ ಬೀಸುತ್ತ ನುಗ್ಗಿದಾಗ ದಶರಥ ಗಡಿಗೆಗೆ ಅಡ್ಡ ನಿಂತ. ವಿಜಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಅವನು. ಸ್ವಂತ ಪ್ರಯೋಗಕ್ಕೆ ಮೇಜು ಕೇಳಿದರೆ ಅಲ್ಲಿನವರು ಕೊಟ್ಟಿರಲಿಲ್ಲ. ಕೊಡದಿದ್ದರೆ ಬೇಡ, ಅವ್ವ ತಿಪ್ಪವ್ವನ ಅಡುಗೆಮನೆಯ ಮೂಲೆ ಇತ್ತು. ಗಡಿಗೆಯೊಳಗೆ ಬೆಲ್ಲದ ನೀರು, ಯೀಸ್ಟು, ವಾಷಿಂಗ್ ಸೋಡಾ. ಎಷ್ಟು ಗ್ಲಿಸರಿನ್ ಆಗಿದೆಯೆಂದು ಇವತ್ತು ಕಾಲೇಜಿಗೆ ಒಯ್ದು ಅಳೆದು ತೋರಿಸುವವನಿದ್ದ.

“ಸಾಲಿ ಕಲ್ತು ದಾರೂ ಮಾಡಾಕತ್ತಿಯೇನಲೇ? ಊರಾಚಿಗೂ ವಾಸನಿ ಹೊಡ್ಯಾಕತ್ತೈತಿ!”

“ಹೊಡೀತೈತ್ರಿ, ಯೀಸ್ಟ್ ಅದು. ಅದರೊಳಗ ಒಂದು ಕಿಣ್ವ ಇರ್ತೈತಿ. ಸೋಡಾ ಬಿತ್ತಂದ್ರ ಅದು ಬೆಲ್ಲದ ಒಂದು ಪಾಲನ್ನ ದಾರೂ ಆಗಗೊಡದ ಗ್ಲಿಸರಿನ್ ಕಡೆ ತಿರುಗಸ್ತೈತಿ. ಥಂಡ್ಯಾಗ ತುಟಿ ಒಡದ್ರ ಹಚ್ಕೋತೀರಲ್ರಿ, ಅದಾ.”

“ಒಂದು ತಂಬಿಗಿ ಕುಡೀರಿ ಸಾಹೇಬ್ರ,” ಎಂದಳು ತಿಪ್ಪವ್ವ. “ಅರಿವಿ ಒಗಿಯೋ ಸೋಡಾ ಐತಿ, ಹೊಟ್ಟಿ ಬೆಳ್ಳಗಾಗ್ತೈತಿ!”

ಕೇರಿಗೆ ಕೇರಿಯೇ ನಕ್ಕಿತು. ರಾಯಪ್ಪನ ಕಿವಿ ಕೆಂಪಾದವು.

“ಇದರಾಗ ದಾರೂ ಒಟ್ಟ ಇಲ್ಲಂತ ಆಣಿ ಮಾಡು, ಹೋಗಿಬಿಡ್ತೇನಿ.”

ಆಣೆ ಮಾಡಿದ್ದರೆ ಗಡಿಗೆ ಉಳಿಯುತ್ತಿತ್ತು. ದಶರಥ ಮಾಡಲಿಲ್ಲ.

“ಐತ್ರಿ. ಕಿಣ್ವ ಪೂರಾ ತಿರುಗಸಂಗಿಲ್ಲ. ಸುಳ್ಳ ಯಾಕ ಹೇಳ್ಲಿ?”

ಲಾಠಿ ಮೇಲೆದ್ದಿತು.

“ಒಡೀರಿ!” ಎಂದ ದಶರಥ. “ಹೋದ ವಾರ ಬಬಲೇಶ್ವರದ ಕೇರ್ಯಾಗ ಅಂಬಲಿ ಗಡಿಗಿನೂ ಬಿಡಲಿಲ್ಲ ನೀವು. ದೊಡ್ಡವರ ವಾಡೇದೊಳಗ ಯಾವತ್ತರ ಮೂಗು ತೂರ್ಸೀರೇನು? ಆದ್ರ ಗುನ್ಹೆ ನಾನಾ ಒಪ್ಕೊಂಡೀನಿ, ಇಷ್ಟು ಮಂದಿ ಕೇಳ್ಯಾರ. ಪುರಾವೆ ಒಡದ್ರ ಮ್ಯಾಜಿಸ್ಟ್ರೇಟರಿಗೆ ಏನು ತೋರಸ್ತೀರಿ? ನಡೀರಿ ಕೋರ್ಟಿಗೆ. ದಾರೂ ಎಷ್ಟು, ಗ್ಲಿಸರಿನ್ ಎಷ್ಟು, ಅವರಾ ಅಳತಿ ಮಾಡ್ಸಿ ನೋಡ್ಲಿ.”

ರಾಯಪ್ಪ ಸುತ್ತ ನೋಡಿದ. ಯಾರೂ ಜಾಗ ಬಿಟ್ಟು ಕದಲಲಿಲ್ಲ. ಲಾಠಿ ಇಳಿಯಿತು.

ಕನಮಡಿಯಿಂದ ವಿಜಾಪುರಕ್ಕೆ ಹೊರಟ ಬಸ್ಸಿನಲ್ಲಿ ದಶರಥ ಮುಂದಿನ ಸೀಟಿನಲ್ಲೇ ಕೂತ, ಗಡಿಗೆ ತೊಡೆಯ ಮೇಲೆ, ಜಮಾದಾರ ಪಕ್ಕದಲ್ಲಿ. ಕಂಡಕ್ಟರ್ ಚಮನಸಾಬ ಮೂಗು ಮುಚ್ಚಿಕೊಂಡ. “ಯಾರದ್ರೀ ಈ ನಾತ?”

“ಸರ್ಕಾರದ್ದು,” ಎಂದ ದಶರಥ.

ತಗ್ಗಿಗೆ ಬಿದ್ದು ಬಸ್ಸು ಕುಪ್ಪಳಿಸಿತು. ದಶರಥ ಕೂಗಿದ: “ಹಿಡೀರಿ ಜಮಾದಾರ್ರ, ಚೆಲ್ಲಿದ್ರ ನಿಮ್ಮ ನೌಕರಿಗೆ ಕುತ್ತು ಬರ್ತೈತಿ!”

ರಾಯಪ್ಪ ಎರಡೂ ಕೈಯಿಂದ ಗಡಿಗೆಯನ್ನು ತಬ್ಬಿ ಹಿಡಿದ. ನೊರೆ ಉಕ್ಕಿ ಅವನ ಖಾಕಿ ತೋಳು ತೋಯಿಸಿತು.

“ನಿನಗ ಜೇಲಾದ್ರ?” ಎಂದ, ದನಿ ತಗ್ಗಿಸಿ.

“ಆದ್ರ ಆಗ್ಲಿ. ಅಳತಿ ಮಾಡ್ಲಾರದ ಮಾತ್ರ ಯಾರೂ ಇದನ್ನ ದಾರೂ ಅನ್ನಂಗಿಲ್ಲ. ಗಟ್ಟಿ ಹಿಡೀರಿ, ಮುಂದ ಇನ್ನೂ ತಗ್ಗದಾವು.”